ಸಿಟಿ ಸ್ಟೇಷನ್‌ನಲ್ಲಿ ಇಳಿದು, ಚಿಕ್ಕಪೇಟೆಯಲ್ಲಿ ಜವಳಿ ಮುಗಿಸಿ, ಅದೇ ರಾತ್ರಿ ರೈಲು ಹತ್ತುವ ಬಗೆ

ಮದುವೆಯ ಜವಳಿ ತೆಗೆಯಲು ಬೆಂಗಳೂರಿನ ಚಿಕ್ಕಪೇಟೆಗೆ ಹೋಗುವುದು ಕರ್ನಾಟಕದ ಅನೇಕ ಮನೆಗಳಲ್ಲಿ ಇನ್ನೂ ಉಳಿದಿರುವ ರೂಢಿ. ಬೆಳಗಾವಿ, ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿ ಕಡೆಯವರು ರಾತ್ರಿ ರೈಲು ಹತ್ತಿ, ಬೆಳಗಿನ ಹೊತ್ತಿಗೆ ಸಿಟಿ ಸ್ಟೇಷನ್‌ನಲ್ಲಿ ಇಳಿದು, ಹಗಲೆಲ್ಲ ಪೇಟೆ ಸುತ್ತಿ, ಅದೇ ದಿನ ರಾತ್ರಿಯ ರೈಲಿಗೆ ಮರಳುವುದುಂಟು. ಲಾಡ್ಜಿನ ಖರ್ಚು ಉಳಿಯುತ್ತದೆ, ಒಂದೇ ದಿನದ ರಜೆ ಸಾಕಾಗುತ್ತದೆ, ನಿಲ್ದಾಣದಿಂದ ಪೇಟೆಗೆ ಇರುವ ದೂರವೂ ಕಡಿಮೆ. ನಮ್ಮ ಮನೆಯ ಮೂರು ಮದುವೆಗಳಿಗೆ ಹೀಗೆಯೇ ಹೋಗಿ ಬಂದಿದ್ದೇನೆ. ಮೊದಲ ಸಲ ಹನ್ನೊಂದು ಗಂಟೆಗೇ ಪಾತ್ರೆಗಳನ್ನು ಕೊಂಡು, ಆ ಗಂಟನ್ನು ಸಂಜೆಯವರೆಗೆ ಒಂದು ಅಂಗಡಿಯ ಮೆಟ್ಟಿಲಿನಿಂದ ಇನ್ನೊಂದು ಅಂಗಡಿಯ ಮೆಟ್ಟಿಲಿಗೆ ಹೊತ್ತು ತಿರುಗಿದ ಮೇಲೆ ನನಗೆ ಅರ್ಥವಾದದ್ದಿಷ್ಟು: ಈ ದಿನವನ್ನು ದರದ ಲೆಕ್ಕಕ್ಕಿಂತ ಮೊದಲು ಭಾರದ ಲೆಕ್ಕದಲ್ಲಿ ಯೋಜಿಸಬೇಕು. ಯಾವುದು ಹಗುರವೋ ಅದು ಮೊದಲು, ಯಾವುದು ಭಾರವೋ ಅದು ಕೊನೆಗೆ. ಮುಂದೆ ಹೇಳುವ ಬಹುಪಾಲು ಮಾತುಗಳು ಈ ಲೆಕ್ಕದಿಂದಲೇ ಹುಟ್ಟಿದವು.

ಟಿಕೆಟ್ ಮಾಡಿಸುವಾಗ ನೋಡಬೇಕಾದ ಸಂಗತಿ

ಊರಿನಲ್ಲಿ ಕುಳಿತು ಟಿಕೆಟ್ ಕಾಯ್ದಿರಿಸುವಾಗಲೇ ಒಂದು ಎಚ್ಚರ ಅಗತ್ಯ. ಬೆಂಗಳೂರಿಗೆ ಬರುವ ರೈಲುಗಳೆಲ್ಲ ಸಿಟಿ ಸ್ಟೇಷನ್‌ಗೆ ಬರುವುದಿಲ್ಲ. ಎಲ್ಲರೂ ಸಿಟಿ ಸ್ಟೇಷನ್ ಎಂದೇ ಕರೆಯುವ ನಿಲ್ದಾಣದ ಅಧಿಕೃತ ಹೆಸರು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಬೆಂಗಳೂರು ನಿಲ್ದಾಣ. ಟಿಕೆಟ್ಟಿನ ಮೇಲೆ ಅದು ಕೆಎಸ್‌ಆರ್ ಬೆಂಗಳೂರು ಎಂದೂ, ಸಂಕೇತಾಕ್ಷರದಲ್ಲಿ ಎಸ್‌ಬಿಸಿ ಎಂದೂ ಕಾಣಿಸುತ್ತದೆ. ಇದಲ್ಲದೆ ಯಶವಂತಪುರ ಮತ್ತು ದಂಡು (ಕಂಟೋನ್ಮೆಂಟ್) ನಿಲ್ದಾಣಗಳಿವೆ. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ಬಳಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಕೂಡ ಆರಂಭವಾಗಿದೆ. ಬರುವ ರೈಲು ಸಿಟಿ ಸ್ಟೇಷನ್‌ಗೆ, ಮರಳುವ ರೈಲು ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಎಂದಾದರೆ ಸಂಜೆಯ ಸಂಚಾರ ದಟ್ಟಣೆಯಲ್ಲಿ ಸೀರೆಯ ಗಂಟುಗಳೊಡನೆ ಊರನ್ನು ಅಡ್ಡ ಹಾಯಬೇಕಾಗುತ್ತದೆ. ಅದಕ್ಕೆ ಒಂದೂವರೆ ಗಂಟೆಯನ್ನಾದರೂ ಮೀಸಲಿಡಬೇಕು. ಯಶವಂತಪುರವಾದರೆ ಅಷ್ಟು ಕಷ್ಟವಿಲ್ಲ, ಏಕೆಂದರೆ ಚಿಕ್ಕಪೇಟೆಯ ಮೂಲಕ ಹೋಗುವ ಹಸಿರು ಮೆಟ್ರೊ ಮಾರ್ಗವೇ ಯಶವಂತಪುರಕ್ಕೂ ಹೋಗುತ್ತದೆ. ಆದರೂ ಸಾಧ್ಯವಿದ್ದರೆ ಎರಡೂ ಕಡೆಯ ಟಿಕೆಟ್ಟು ಸಿಟಿ ಸ್ಟೇಷನ್ನಿನದೇ ಆಗಿರಲಿ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೂ, ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ ಕಡೆಯವರಿಗೂ ಈ ಅನುಕೂಲ ಕೊಡುತ್ತವೆ.

ವಾರವನ್ನೂ ನೋಡಿಕೊಳ್ಳಬೇಕು. ಭಾನುವಾರ ಪೇಟೆಯ ಸಗಟು ಅಂಗಡಿಗಳಲ್ಲಿ ಹೆಚ್ಚಿನವು ಬಾಗಿಲು ತೆರೆಯುವುದಿಲ್ಲ. ತೆರೆದಿರುವ ಸೀರೆ ಅಂಗಡಿಗಳಲ್ಲಿ ಕೂರಲು ಜಾಗ ಸಿಗದಷ್ಟು ಜನ ಇರುತ್ತಾರೆ. ಶನಿವಾರದ ಸಂಜೆಯೂ ಇಕ್ಕಟ್ಟೇ. ಮಂಗಳವಾರದಿಂದ ಗುರುವಾರದವರೆಗಿನ ದಿನಗಳು ನನ್ನ ಅನುಭವದಲ್ಲಿ ಉತ್ತಮ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲಿನ ವಾರ ಮತ್ತು ದೀಪಾವಳಿಯ ಹಿಂದಿನ ದಿನಗಳಲ್ಲಿ ಜವಳಿಗೆಂದು ಹೋಗುವುದು ಬೇಡ. ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ಅಂಗಡಿಯವರು ರಿಯಾಯಿತಿ ಬಿಡುತ್ತಾರೆ, ಮಾತನಾಡಿಸಲು ಅವರಿಗೆ ಪುರುಸೊತ್ತೂ ಇರುತ್ತದೆ. ಶ್ರಾವಣದ ಮದುವೆಯ ಜವಳಿಯನ್ನು ಆಷಾಢದಲ್ಲಿ ತೆಗೆಯಬಾರದೆಂದು ಹಿರಿಯರು ಅಡ್ಡಿ ಮಾಡಿದರೆ, ಮುಹೂರ್ತದ ಸೀರೆಯೊಂದನ್ನು ಬಿಟ್ಟು ಉಡುಗೊರೆಯ ಸೀರೆಗಳನ್ನಾದರೂ ಆಗ ಕೊಂಡುಬಿಡಬಹುದು.

ಇಳಿದ ಕೂಡಲೇ

ನಿಲ್ದಾಣಕ್ಕೆ ಹತ್ತು ಪ್ಲಾಟ್‌ಫಾರ್ಮ್‌ಗಳಿವೆ, ಮುಖ್ಯವಾಗಿ ಎರಡು ಬಾಗಿಲುಗಳಿವೆ. ಒಂದನೆಯ ಪ್ಲಾಟ್‌ಫಾರ್ಮ್‌ನ ಕಡೆಯದು ಮುಂಬಾಗಿಲು. ಅದು ಮೆಜೆಸ್ಟಿಕ್‌ಗೆ, ಅಂದರೆ ಕೆಂಪೇಗೌಡ ಬಸ್ ನಿಲ್ದಾಣದ ಕಡೆಗೆ ತೆರೆದುಕೊಳ್ಳುತ್ತದೆ. ಹತ್ತನೆಯ ಪ್ಲಾಟ್‌ಫಾರ್ಮ್‌ನ ಕಡೆಯದು ಓಕಳಿಪುರದ ಕಡೆಗಿರುವ ಹಿಂಬಾಗಿಲು. ಪೇಟೆಗೆ ಹೋಗುವವರು ರೈಲು ಯಾವ ಪ್ಲಾಟ್‌ಫಾರ್ಮ್‌ನಲ್ಲಿ ನಿಂತರೂ ಸುರಂಗಮಾರ್ಗ ಅಥವಾ ಮೇಲ್ಸೇತುವೆಯಿಂದ ಮುಂಬಾಗಿಲಿಗೇ ಬರಬೇಕು. ಜನರ ಹಿಂದೆ ಹೋಗಿ ಹಿಂಬಾಗಿಲಿನಿಂದ ಹೊರಬಿದ್ದರೆ ಆಟೊದವರ ಜೊತೆ ಅನಗತ್ಯ ಮಾತುಕತೆ ಆರಂಭವಾಗುತ್ತದೆ. ಇಲ್ಲಿ ಇನ್ನೊಂದು ಗೊಂದಲವೂ ಉಂಟು. ರೈಲು ನಿಲ್ದಾಣದ ಹೆಸರಿನದೇ ಒಂದು ಮೆಟ್ರೊ ನಿಲ್ದಾಣವಿದೆ, ಅದು ನೇರಳೆ ಮಾರ್ಗದ್ದು. ಅಲ್ಲಿ ಹತ್ತಿದರೆ ಮುಂದಿನ ನಿಲ್ದಾಣವಾದ ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸಬೇಕು. ಮುಂಬಾಗಿಲಿನಿಂದ ನಡೆದು ನೇರವಾಗಿ ಮೆಜೆಸ್ಟಿಕ್ ಮೆಟ್ರೊಗೆ ಹೋದರೆ ಆ ಬದಲಾವಣೆ ತಪ್ಪುತ್ತದೆ.

ಬೆಳಿಗ್ಗೆ ಆರು ಗಂಟೆಗೆ ಇಳಿದವರಿಗೆ ಪೇಟೆ ತೆರೆಯಲು ಇನ್ನೂ ನಾಲ್ಕು ಗಂಟೆ ಇರುತ್ತದೆ. ಈ ಸಮಯದಲ್ಲಿ ಸ್ನಾನ, ತಿಂಡಿ, ಸಾಮಾನು ಇಡುವುದು, ಈ ಮೂರೂ ಮುಗಿಯಬೇಕು. ನಿಲ್ದಾಣದ ವಿಶ್ರಾಂತಿ ಕೊಠಡಿಗಳನ್ನು ಐಆರ್‌ಸಿಟಿಸಿ ಮೂಲಕ ಪಿಎನ್‌ಆರ್ ಸಂಖ್ಯೆ ನೀಡಿ ಮುಂಗಡವಾಗಿ ಕಾಯ್ದಿರಿಸಬಹುದು. ಕೆಲವೇ ಗಂಟೆಗಳಿಗೂ ಕೊಠಡಿ ದೊರೆಯುತ್ತದೆ. ಅದು ಸಿಗದಿದ್ದರೆ ಗಾಂಧಿನಗರ ಮತ್ತು ಕಾಟನ್‌ಪೇಟೆಯ ಲಾಡ್ಜುಗಳು ಇದ್ದೇ ಇವೆ. ಸ್ನಾನಕ್ಕಷ್ಟೇ ಬೇಕೆಂದು ಮೊದಲೇ ಹೇಳಿ, ದರ ಮಾತನಾಡಿಕೊಂಡು ಒಳಗೆ ಹೋಗಬೇಕು. ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪ ಛತ್ರ ನೂರು ವರ್ಷಗಳಿಗೂ ಮಿಕ್ಕಿ ಪ್ರಯಾಣಿಕರಿಗೆ ನೆರಳಾಗಿದೆ. ನಿಲ್ದಾಣದ ಮುಂದಿನ ರಸ್ತೆಗೂ ಆ ದಾನಿಯ ಹೆಸರೇ ಇದೆ.

ಸಾಮಾನನ್ನು ಕ್ಲೋಕ್ ರೂಮಿನಲ್ಲಿ ಇಡಬೇಕಾದರೆ ಪ್ರಯಾಣದ ಟಿಕೆಟ್ಟು, ಗುರುತಿನ ಚೀಟಿ ಬೇಕು. ಬ್ಯಾಗಿಗೆ ಬೀಗ ಇರಲೇಬೇಕು. ಬೀಗವಿಲ್ಲದ ಬ್ಯಾಗನ್ನು ಸಿಬ್ಬಂದಿ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಊರಿನಿಂದಲೇ ಎರಡು ಸಣ್ಣ ಬೀಗಗಳನ್ನು ತರುವುದು ಮೇಲು. ನಾನು ಹೆಚ್ಚಾಗಿ ಒಂದು ದೊಡ್ಡ ಖಾಲಿ ಬ್ಯಾಗನ್ನು ಮಡಚಿ, ಬಟ್ಟೆಯ ಬ್ಯಾಗಿನ ಒಳಗೇ ಇಟ್ಟು ತರುತ್ತೇನೆ. ಸಂಜೆ ಸೀರೆಗಳೆಲ್ಲ ಅದರೊಳಗೆ ಹೋಗುತ್ತವೆ, ಅಂಗಡಿಯ ಹತ್ತು ಕೈಚೀಲಗಳನ್ನು ಎಣಿಸುತ್ತ ಕೂರುವ ತೊಂದರೆ ಇರುವುದಿಲ್ಲ. ಕ್ಲೋಕ್ ರೂಮಿನ ರಸೀದಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ನಮ್ಮ ಸೋದರತ್ತೆ ಒಮ್ಮೆ ಆ ಚೀಟಿಯನ್ನು ಸೀರೆಯ ಬಿಲ್ಲುಗಳ ಜೊತೆ ಸೇರಿಸಿ, ಯಾವುದೋ ಅಂಗಡಿಯ ಕೌಂಟರಿನ ಮೇಲೆ ಬಿಟ್ಟು ಬಂದಿದ್ದರು. ರೈಲಿಗೆ ಅರ್ಧ ಗಂಟೆ ಇರುವಾಗ ಆ ಸಂಗತಿ ತಿಳಿಯಿತು.

ಮೆಜೆಸ್ಟಿಕ್ ದಾಟುವುದು

ನಿಲ್ದಾಣದ ಮುಂದಿನ ರಸ್ತೆಯನ್ನು ಮೇಲಿನಿಂದ ದಾಟುವ ಸಾಹಸ ಬೇಡ. ಕೆಳಗೆ ಸುರಂಗಮಾರ್ಗವಿದೆ, ಅದು ಬಸ್ ನಿಲ್ದಾಣದ ಕಡೆಗೆ ಕರೆದೊಯ್ಯುತ್ತದೆ. ಈಗ ಬಸ್ಸುಗಳು ಸಾಲುಗಟ್ಟಿ ನಿಲ್ಲುವ ಈ ನೆಲ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯ ಅಂಗಳವಾಗಿತ್ತು. ಪಕ್ಕದಲ್ಲಿ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರು ಇನ್ನೂ ಉಳಿದಿರುವುದು ಆ ಕೆರೆಯ ಏರಿಯ ನೆನಪಿಗೆ. ಮೆಜೆಸ್ಟಿಕ್ ಎಂಬುದಾದರೋ ಇಲ್ಲಿದ್ದ ಒಂದು ಚಿತ್ರಮಂದಿರದ ಹೆಸರು. ಚಿತ್ರಮಂದಿರ ಹೋಗಿ ಹೆಸರು ಇಡೀ ಪ್ರದೇಶಕ್ಕೆ ಅಂಟಿಕೊಂಡಿತು. ಇತಿಹಾಸ ತಿಳಿಯುವ ಆಸೆಯಿಲ್ಲದವರೂ ಈ ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು, ಏಕೆಂದರೆ ನಕ್ಷೆಯಲ್ಲಿ ಕೆಂಪೇಗೌಡ ಎಂದಿರುವುದನ್ನು ಜನ ಮೆಜೆಸ್ಟಿಕ್ ಎನ್ನುತ್ತಾರೆ. ದಾರಿ ಕೇಳುವಾಗ ಎರಡೂ ಹೆಸರು ಬೇಕಾಗುತ್ತದೆ.

ತಿಂಡಿಯನ್ನು ಇಲ್ಲಿಯೇ ಮುಗಿಸಬಹುದು, ಆದರೆ ಸ್ವಲ್ಪ ತಾಳ್ಮೆಯಿದ್ದರೆ ಬಳೆಪೇಟೆಯವರೆಗೆ ಹೋಗಿ ಉಡುಪಿ ಶ್ರೀಕೃಷ್ಣ ಭವನದಲ್ಲಿ ಸಾಗು ದೋಸೆ ತಿನ್ನುವುದು ಲೇಸು. ಪೇಟೆಯ ವ್ಯಾಪಾರಿಗಳೇ ತಿಂಡಿಗೆ ಬರುವ ಜಾಗವದು. ಆಲೂಗಡ್ಡೆ ಪಲ್ಯದ ಬದಲು ತರಕಾರಿ ಸಾಗು ತುಂಬಿದ ದೋಸೆಯೇ ಅಲ್ಲಿನ ವಿಶೇಷ. ಪೇಟೆಯೊಳಗೆ ಸೇರಿದ ಮೇಲೆ ಮಧ್ಯಾಹ್ನದ ಊಟಕ್ಕೆ ಒಂದು ಗಂಟೆ ಹೋಗುವುದರಿಂದ ಬೆಳಗಿನ ತಿಂಡಿ ಗಟ್ಟಿಯಾಗಿರಬೇಕು.

ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆಗೆ ಹಸಿರು ಮಾರ್ಗದಲ್ಲಿ ಒಂದೇ ನಿಲ್ದಾಣ. ಅದರ ಮುಂದಿನದು ಕೃಷ್ಣರಾಜೇಂದ್ರ ಮಾರುಕಟ್ಟೆ. ಈ ಸುರಂಗ ಭಾಗ 2017ರ ಜೂನ್‌ನಲ್ಲಿ ಆರಂಭವಾಯಿತು, ಅಲ್ಲಿಂದೀಚೆಗೆ ಪೇಟೆಗೆ ಹೋಗುವವರ ಅರ್ಧ ಕಷ್ಟ ಕಡಿಮೆಯಾಗಿದೆ. ಒಂದು ದಿಕ್ಕಿನ ರೈಲಿನ ಮೇಲೆ ಮಾದಾವರ ಎಂದೂ, ಇನ್ನೊಂದು ದಿಕ್ಕಿನದರ ಮೇಲೆ ರೇಷ್ಮೆ ಸಂಸ್ಥೆ ಎಂದೂ ಬರೆದಿರುತ್ತದೆ. ರೇಷ್ಮೆ ಕೊಳ್ಳಲು ಹೊರಟವರು ರೇಷ್ಮೆ ಸಂಸ್ಥೆಯ ರೈಲನ್ನೇ ಹತ್ತಬೇಕು. ನೆನಪಿಡಲು ಇದಕ್ಕಿಂತ ಸುಲಭದ ಗುರುತು ಬೇಕಿಲ್ಲ. ದೊಡ್ಡ ಬ್ಯಾಗುಗಳಿಗೆ ಮೆಟ್ರೊದಲ್ಲಿ ಅಳತೆಯ ಮಿತಿಯುಂಟು, ಮಿತಿ ಮೀರಿದರೆ ಪ್ರತ್ಯೇಕ ಶುಲ್ಕ ಕೇಳುತ್ತಾರೆ. ಸಾಮಾನನ್ನು ಕ್ಲೋಕ್ ರೂಮಿನಲ್ಲಿ ಬಿಟ್ಟು ಬರುವುದಕ್ಕೆ ಇದೂ ಒಂದು ಕಾರಣ. ಭಾನುವಾರ ಮೆಟ್ರೊ ಸಂಚಾರ ಬೆಳಿಗ್ಗೆ ತಡವಾಗಿ ಆರಂಭವಾಗುತ್ತದೆ.

ನಡೆದೇ ಹೋಗುವೆನೆನ್ನುವವರಿಗೆ ಬಳೆಪೇಟೆಯ ಮೂಲಕ ಹೆಚ್ಚೆಂದರೆ ಅರ್ಧ ಗಂಟೆ. ಆಟೊ ಹಿಡಿಯುವುದು ಈ ದೂರಕ್ಕೆ ಲಾಭದ ವ್ಯವಹಾರವಲ್ಲ: 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ನಂತರ ಪ್ರತಿ ಕಿಲೋಮೀಟರಿಗೆ 18 ರೂಪಾಯಿ ಎಂದು ಮೀಟರ್ ದರ ಗೊತ್ತುಪಡಿಸಿದ್ದರೂ ಪೇಟೆಯ ಒಳಗಿನ ಓಣಿಗಳಿಗೆ ಆ ದರದಲ್ಲಿ ಬರುವ ಚಾಲಕರು ಕಡಿಮೆ, ಬಂದರೂ ಏಕಮುಖ ರಸ್ತೆಗಳನ್ನು ಸುತ್ತಿ ಹೋಗಬೇಕಾಗುತ್ತದೆ. ಅಷ್ಟಾಗಿಯೂ ಆಟೊ ಬೇಕೆಂದರೆ ನಿಲ್ದಾಣದ ಹೊರಗಿನ ಪ್ರೀಪೇಯ್ಡ್ ಕೌಂಟರಿನಲ್ಲಿ ಚೀಟಿ ಬರೆಸಿಕೊಳ್ಳಿ. ಸಾಮಾನ್ಯ ಸಿಟಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ. ಅದಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ.

ಪೇಟೆಯ ನಕ್ಷೆಯನ್ನು ತಲೆಯಲ್ಲಿ ಇಟ್ಟುಕೊಳ್ಳುವುದು

1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಯ ಮೂಲ ವಿನ್ಯಾಸ ಎರಡು ಬೀದಿಗಳದ್ದು. ಉತ್ತರದಿಂದ ದಕ್ಷಿಣಕ್ಕೆ ದೊಡ್ಡಪೇಟೆ, ಪೂರ್ವದಿಂದ ಪಶ್ಚಿಮಕ್ಕೆ ಚಿಕ್ಕಪೇಟೆ. ಇವೆರಡೂ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನೇಗಿಲು ಕಟ್ಟಿದ ಎತ್ತುಗಳನ್ನು ಬಿಟ್ಟು, ಅವು ನಿಂತಲ್ಲಿಗೆ ಎಲ್ಲೆ ಗುರುತಿಸಿದರೆಂಬುದು ಜನರ ಬಾಯಲ್ಲಿರುವ ಕಥೆ. ದೊಡ್ಡಪೇಟೆಯನ್ನು ಈಗ ಅವೆನ್ಯೂ ರಸ್ತೆ ಎನ್ನುತ್ತಾರೆ. ಮೈಸೂರು ಬ್ಯಾಂಕ್ ವೃತ್ತದಲ್ಲಿ ಆರಂಭವಾಗಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಮುಗಿಯುವ ಆ ರಸ್ತೆಯೊಂದನ್ನು, ಅದನ್ನು ಕತ್ತರಿಸುವ ಚಿಕ್ಕಪೇಟೆ ಮುಖ್ಯರಸ್ತೆಯನ್ನು ನೆನಪಿಟ್ಟುಕೊಂಡರೆ ಪೇಟೆಯಲ್ಲಿ ಯಾರೂ ದಾರಿ ತಪ್ಪುವುದಿಲ್ಲ. ಯಾವ ಸಂದಿಯಲ್ಲಿ ಸಿಕ್ಕಿಹಾಕಿಕೊಂಡರೂ ‘ಅವೆನ್ಯೂ ರೋಡ್ ಯಾವ ಕಡೆ?’ ಎಂದು ಕೇಳಿದರೆ ಸಾಕು. ಮೊಬೈಲಿನ ನಕ್ಷೆ ಈ ಓಣಿಗಳಲ್ಲಿ ಆಗಾಗ ಮಂಕಾಗುತ್ತದೆ, ಆದರೆ ಗಾಡಿಯಲ್ಲಿ ಸೀಬೆಹಣ್ಣು ಮಾರುವವರು ಸರಿಯಾಗಿ ತೋರಿಸುತ್ತಾರೆ.

ಉಳಿದ ಪೇಟೆಗಳು ಈ ಎರಡು ಬೀದಿಗಳ ಮಗ್ಗುಲಿಗೆ ಹರಡಿವೆ. ಹೆಸರುಗಳು ಕಸುಬನ್ನು ಹೇಳುತ್ತವೆ, ಆದರೆ ಎಲ್ಲ ಕಡೆ ಆ ಕಸುಬು ಉಳಿದಿಲ್ಲ. ಬಳೆಪೇಟೆಯಲ್ಲಿ ಈಗ ತಬಲ, ಹಾರ್ಮೋನಿಯಂ, ವೀಣೆಗಳ ಅಂಗಡಿಗಳಿಗೆ ಹೆಸರು. ಸುಲ್ತಾನ್‌ಪೇಟೆ ಲಗ್ನಪತ್ರಿಕೆಗಳದು. ತರಗುಪೇಟೆ ಮಾತ್ರ ಇಂದಿಗೂ ದವಸಧಾನ್ಯಗಳ ಸಗಟು ಬೀದಿಯಾಗಿದೆ. ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರಸ್ತೆ, ವಿದ್ಯುತ್ ಬಿಡಿಭಾಗ ಮತ್ತು ಕಂಪ್ಯೂಟರುಗಳಿಗೆ. ಜವಳಿಯವರಿಗೆ ಅಲ್ಲಿ ಕೆಲಸವಿಲ್ಲ, ಆದರೆ ಜೊತೆಯಲ್ಲಿ ಬಂದ ಹುಡುಗರು ಸೀರೆ ಅಂಗಡಿಯಲ್ಲಿ ಆಕಳಿಸತೊಡಗಿದಾಗ ಅವರನ್ನು ಅಲ್ಲಿಗೆ ಕಳುಹಿಸಬಹುದು. ಅವೆನ್ಯೂ ರಸ್ತೆ ಪುಸ್ತಕ ಮತ್ತು ಲೇಖನ ಸಾಮಗ್ರಿಗಳದು. ಅಲ್ಲಿನ ರೈಸ್ ಸ್ಮಾರಕ ಚರ್ಚಿನ ಕಂಬಗಳು ಭೇಟಿಯಾಗಲು ಒಳ್ಳೆಯ ಗುರುತು. ಗುಂಪು ಚದುರಿದರೆ ಇಂಥ ಗಂಟೆಗೆ ಇಂಥಲ್ಲಿ ಸೇರೋಣವೆಂದು ಬೆಳಿಗ್ಗೆಯೇ ಮಾತಾಡಿಕೊಂಡಿರಬೇಕು, ಜನದಟ್ಟಣೆಯಲ್ಲಿ ಫೋನಿನ ಸದ್ದು ಕೇಳಿಸುವುದಿಲ್ಲ.

ಕೆಲಸಗಳ ಸರದಿ

ಹತ್ತು, ಹತ್ತೂವರೆಗೆ ಅಂಗಡಿಗಳ ಬಾಗಿಲು ಮೇಲೇಳುತ್ತವೆ. ಮೊದಲ ಕೆಲಸ ಲಗ್ನಪತ್ರಿಕೆ. ಅದನ್ನು ಮೊದಲಿಗೆ ಇಡಲು ಎರಡು ಕಾರಣ: ಮಾದರಿ ಆರಿಸಿ, ಒಕ್ಕಣೆ ಕೊಟ್ಟು, ಮುಂಗಡ ಹಣ ತುಂಬಿದ ಮೇಲೆ ಕೈಯಲ್ಲಿ ಹೊರಲು ಏನೂ ಉಳಿಯುವುದಿಲ್ಲ, ಬೆಳಿಗ್ಗೆ ಕೊಟ್ಟರೆ ಅಕ್ಷರ ಜೋಡಿಸಿದ ಪ್ರತಿಯನ್ನು ಸಂಜೆಯೊಳಗೆ ಮೊಬೈಲಿಗೆ ತರಿಸಿಕೊಂಡು ನೋಡಬಹುದು. ಒಕ್ಕಣೆಯನ್ನು ಊರಿನಲ್ಲೇ ಟೈಪು ಮಾಡಿಸಿ ತನ್ನಿ. ಕೈಬರಹದಲ್ಲಿ ಕೊಟ್ಟರೆ ‘ಸೌ.’ ಮತ್ತು ‘ಚಿ.’ಗಳು ಅದಲುಬದಲಾಗುವುದನ್ನೂ, ಅಜ್ಜನ ಹೆಸರಿನ ಒತ್ತಕ್ಷರ ಮಾಯವಾಗುವುದನ್ನೂ ಕಂಡಿದ್ದೇನೆ. ಅಚ್ಚಾದ ಪತ್ರಿಕೆಗಳನ್ನು ನೀವೇ ಬಂದು ಒಯ್ಯಬೇಕೆಂದಿಲ್ಲ. ರಾಜ್ಯ ರಸ್ತೆ ಸಾರಿಗೆಯ ‘ನಮ್ಮ ಕಾರ್ಗೋ’ ಸೇವೆಯಲ್ಲಿ ಊರಿಗೆ ಕಳುಹಿಸುವಂತೆ ಮುದ್ರಕರೊಡನೆ ಮಾತನಾಡಿಕೊಳ್ಳಬಹುದು.

ಎರಡನೆಯದು ಚಿನ್ನ, ಬೆಳ್ಳಿ ಇದ್ದರೆ ಅದು. ತೂಕ ಗ್ರಾಮಿನಲ್ಲಿದ್ದರೂ ಇದನ್ನು ಬೆಳಗಿನ ಹೊತ್ತೇ ಮಾಡಬೇಕು, ಏಕೆಂದರೆ ದಣಿದ ಕಣ್ಣಿಗೆ ಮುದ್ರೆಯ ಅಕ್ಷರ ಕಾಣುವುದಿಲ್ಲ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಇರುವ ಚಿನ್ನದ ಒಡವೆಯ ಮೇಲೆ ಆರು ಅಕ್ಷರ, ಅಂಕಿಗಳ ಗುರುತು ಸಂಖ್ಯೆ ಇರಬೇಕೆಂಬ ನಿಯಮವಿದೆ. ಭಾರತೀಯ ಮಾನಕ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ಅಂಗಡಿಯಲ್ಲೇ ಪರೀಕ್ಷಿಸಿ. ಮಜೂರಿ, ಕಲ್ಲಿನ ತೂಕ ಮತ್ತು ಚಿನ್ನದ ತೂಕ ಬಿಲ್ಲಿನಲ್ಲಿ ಬೇರೆ ಬೇರೆ ಬರೆದಿದೆಯೇ ಎಂಬುದನ್ನೂ ನೋಡಿ. ಒಡವೆ ಕೊಂಡವರೊಬ್ಬರು ಅನಂತರ ಗುಂಪಿನ ನಡುವೆಯೇ ನಡೆಯಬೇಕು, ಕೈಯಲ್ಲಿ ಬೇರೇನನ್ನೂ ಹಿಡಿಯಬಾರದು.

ಆಮೇಲೆ ಸೀರೆ. ದಿನದ ಬಹುಪಾಲು ಸಮಯ ಹೋಗುವುದು ಇಲ್ಲಿ, ಹೋಗಬೇಕಾದದ್ದೂ ಇಲ್ಲಿಯೇ. ಮನೆಯಿಂದ ಹೊರಡುವ ಮೊದಲು ಒಂದು ಕಾಗದದ ಮೇಲೆ ಪಟ್ಟಿ ಮಾಡಿ: ಮುಹೂರ್ತದ ಸೀರೆ, ಆರತಕ್ಷತೆಯದು, ಬೀಗರಿಗೆ ಕೊಡುವವು, ಸೋದರತ್ತೆ, ಚಿಕ್ಕಮ್ಮ, ಅತ್ತಿಗೆಯರಿಗೆ ಎಷ್ಟೆಷ್ಟು, ಒಬ್ಬೊಬ್ಬರಿಗೆ ಯಾವ ಬೆಲೆಯೊಳಗೆ. ಈ ಪಟ್ಟಿ ಇಲ್ಲದೆ ಗಾದಿಯ ಮೇಲೆ ಕುಳಿತವರು ಮೊದಲ ಅರ್ಧ ಗಂಟೆಯಲ್ಲೇ ಅಂದುಕೊಂಡ ಬೆಲೆಯ ಎರಡರಷ್ಟಕ್ಕೆ ಹೋಗಿರುತ್ತಾರೆ. ಅಂಗಡಿಯವರ ತಪ್ಪು ಅದರಲ್ಲಿಲ್ಲ. ಕೇಳಿದ ಬೆಲೆಯ ಸೀರೆಯ ಪಕ್ಕಕ್ಕೆ ಸ್ವಲ್ಪ ಹೆಚ್ಚಿನದನ್ನು ಬಿಚ್ಚಿ ಹರಡುವುದು ಅವರ ಕಸುಬು. ಪಟ್ಟಿಯನ್ನು ಹಿಡಿದು ಕೂರುವ ಕೆಲಸವನ್ನು ಮನೆಯ ಅತ್ಯಂತ ನಿಷ್ಠುರ ವ್ಯಕ್ತಿಗೆ ಒಪ್ಪಿಸಬೇಕು. ನಮ್ಮಲ್ಲಿ ಅದು ದೊಡ್ಡಪ್ಪನ ಪಾಲಿಗೆ ಬರುತ್ತದೆ.

ಉಡುಗೊರೆಯ ಸೀರೆಗಳನ್ನೂ ಮುಹೂರ್ತದ ಸೀರೆಯನ್ನೂ ಒಂದೇ ಅಂಗಡಿಯಲ್ಲಿ ಹುಡುಕಬಾರದು. ಹತ್ತು, ಹದಿನೈದು ಸೀರೆ ಒಟ್ಟಿಗೆ ಬೇಕಾದಾಗ ಸಗಟು ದರಕ್ಕೆ ಕೊಡುವ ಅಂಗಡಿಗಳು ಮುಖ್ಯರಸ್ತೆಯಲ್ಲಿ ಕಾಣುವುದಿಲ್ಲ. ಅಡ್ಡರಸ್ತೆಗಳ ಹಳೆಯ ಕಟ್ಟಡಗಳಲ್ಲಿ, ಕಿರಿದಾದ, ಕಡಿದಾದ ಮೆಟ್ಟಿಲು ಹತ್ತಿದ ಮೇಲೆ ಮಾಳಿಗೆಯಲ್ಲಿ ಇರುತ್ತವೆ. ಮೊಣಕಾಲು ನೋವಿನ ಹಿರಿಯರನ್ನು ಅಂಥಲ್ಲಿಗೆ ಹತ್ತಿಸದೆ ಕೆಳಗಿನ ಅಂಗಡಿಯೊಂದರಲ್ಲಿ ಕೂರಿಸುವುದು ವಿವೇಕ. ಸಗಟು ಅಂಗಡಿಯಲ್ಲಿ ಒಂದೇ ವಿನ್ಯಾಸದ ನಾಲ್ಕಾರು ಬಣ್ಣಗಳ ಕಟ್ಟನ್ನೇ ಕೊಳ್ಳಬೇಕಾಗಬಹುದು. ಬಿಡಿಯಾಗಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ದೊಡ್ಡಬಳ್ಳಾಪುರ ಮತ್ತು ಯಲಹಂಕದ ವಿದ್ಯುತ್ ಮಗ್ಗಗಳ ಸೀರೆಗಳು ಇಲ್ಲಿಗೆ ಬರುತ್ತವೆ, ಉಡುಗೊರೆಗೆ ಅವು ಬೆಲೆಯಲ್ಲಿಯೂ ನೋಟದಲ್ಲಿಯೂ ಹೊಂದುತ್ತವೆ.

ಮುಹೂರ್ತದ ಸೀರೆಗೆ ಸಮಯ ಕೊಡಿ. ರೇಷ್ಮೆ ಅಪ್ಪಟವೆಂದು ಹೇಳುವ ಸಿಲ್ಕ್ ಮಾರ್ಕ್ ಚೀಟಿ ಸೀರೆಗೆ ಕಟ್ಟಿದೆಯೇ ಎಂದು ನೋಡಬೇಕು, ಆದರೆ ಆ ಚೀಟಿ ರೇಷ್ಮೆಯ ನೂಲಿನ ಮಾತನ್ನಷ್ಟೇ ಹೇಳುತ್ತದೆ, ಜರಿಯ ಮಾತನ್ನು ಹೇಳುವುದಿಲ್ಲ. ಬೆಳ್ಳಿ ಎಳೆಯ ಜರಿಗೂ ಪರೀಕ್ಷೆಗೆ ನಿಲ್ಲದ ಅಗ್ಗದ ಜರಿಗೂ ಬೆಲೆಯಲ್ಲಿ ಅಗಾಧ ಅಂತರವಿರುವುದರಿಂದ, ಯಾವ ಜರಿ ಎಂಬುದನ್ನು ಬಾಯಿಮಾತಿನಲ್ಲಿ ಕೇಳಿ ಬಿಡದೆ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಬರೆಯಲು ಹಿಂಜರಿಯುವ ಅಂಗಡಿಯಿಂದ ನಯವಾಗಿ ಎದ್ದು ಬರಬೇಕು. ಇನ್ನೊಂದು ವಿಷಯ ಮೈಸೂರು ಸಿಲ್ಕ್ ಕುರಿತು. ಸರ್ಕಾರಿ ಕೆಎಸ್‌ಐಸಿ, ಅಂದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ನೇಯುವ ಸೀರೆ ಬೇಕೆಂದಿದ್ದರೆ ಅದನ್ನು ಆ ಸಂಸ್ಥೆಯ ಸ್ವಂತ ಮಳಿಗೆಯಲ್ಲೇ ಕೊಳ್ಳಬೇಕು, ಪೇಟೆಯಲ್ಲಿ ಅದೇ ಹೆಸರು ಹೇಳಿ ತೋರಿಸುವ ಕ್ರೇಪ್ ಸೀರೆ ಬೇರೆಯದು. ಅದು ಕೆಟ್ಟದ್ದೆಂದಲ್ಲ, ಆದರೆ ಬೆಲೆ ಕಟ್ಟುವಾಗ ವ್ಯತ್ಯಾಸ ಗೊತ್ತಿರಬೇಕು.

ಅಂಗಡಿಯ ದೀಪದ ಬೆಳಕಿನಲ್ಲಿ ಅರಗಿಳಿ ಹಸಿರು ಒಂದು ಬಣ್ಣ, ಮನೆಗೆ ಬಂದ ಮೇಲೆ ಇನ್ನೊಂದು. ಆದ್ದರಿಂದ ಆರಿಸಿದ ಎರಡು ಮೂರು ಸೀರೆಗಳನ್ನು ಬಾಗಿಲಿನ ಬಳಿ ಹಗಲು ಬೆಳಕಿಗೆ ತರಿಸಿ ನೋಡಿ. ಇದನ್ನು ಕೇಳಲು ಸಂಕೋಚ ಬೇಡ, ಪೇಟೆಯ ಅಂಗಡಿಯವರಿಗೆ ಈ ಕೋರಿಕೆ ಹೊಸದಲ್ಲ. ಬಿಚ್ಚಿದ ಸೀರೆಯ ಉದ್ದಕ್ಕೂ, ವಿಶೇಷವಾಗಿ ಸೆರಗು ಮತ್ತು ಒಡಲು ಕೂಡುವ ಕಡೆ, ಎಳೆ ಹರಿದಿದೆಯೇ, ಕಲೆಯಿದೆಯೇ ನೋಡಬೇಕು. ರವಿಕೆ ಕಣ ಸೀರೆಯ ಜೊತೆಗೇ ನೇಯ್ದಿದೆಯೇ, ಬೇರೆ ಕೊಳ್ಳಬೇಕೇ ಎಂಬುದನ್ನು ಅಲ್ಲೇ ಖಚಿತ ಮಾಡಿಕೊಳ್ಳಿ. ಕುಚ್ಚು ಕಟ್ಟಿಸುವುದನ್ನು ಮತ್ತು ಫಾಲ್ ಹೊಲಿಸುವುದನ್ನು ಅದೇ ದಿನ ಮಾಡಿಸಲು ಹೋಗಬೇಡಿ. ಸಂಜೆ ಆರಕ್ಕೆ ಕೊಡುತ್ತೇವೆಂದವರು ಎಂಟಾದರೂ ಕೊಡದೆ ರೈಲು ತಪ್ಪುವ ಸ್ಥಿತಿ ಬರುತ್ತದೆ. ಊರಿನಲ್ಲಿಯೂ ಅದನ್ನು ಮಾಡುವವರಿದ್ದಾರೆ.

ಬೆಲೆಯ ವಿಚಾರ. ‘ಒಂದೇ ದರ’ ಎಂಬ ಫಲಕ ಇರುವಲ್ಲಿ ಚೌಕಾಸಿ ಮಾಡಿ ಪ್ರಯೋಜನವಿಲ್ಲ, ಆದರೆ ಒಟ್ಟು ಮೊತ್ತ ದೊಡ್ಡದಾಗಿದ್ದರೆ ಕೊನೆಯಲ್ಲಿ ಒಂದು ರವಿಕೆ ಕಣವನ್ನೋ ಸಣ್ಣ ಸೀರೆಯನ್ನೋ ಸೇರಿಸಿಕೊಡಲು ಕೇಳಬಹುದು. ಫಲಕ ಇಲ್ಲದಲ್ಲಿ ಕೇಳಲೇಬೇಕು. ಬೋಣಿಯ ಹೊತ್ತಿನಲ್ಲಿ, ಅಂದರೆ ಬೆಳಗಿನ ಮೊದಲ ಗಿರಾಕಿಯಾಗಿ ಹೋದಾಗ, ಅಂಗಡಿಯವರು ಬರಿಗೈಯಲ್ಲಿ ಕಳುಹಿಸಲು ಇಷ್ಟಪಡುವುದಿಲ್ಲ. ಕೊಳ್ಳುವ ಮನಸ್ಸಿಲ್ಲದೆ ಆ ಹೊತ್ತಿನಲ್ಲಿ ಬರೀ ನೋಡಲು ಹೋಗಿ ಎದ್ದು ಬರುವುದು ಒಳ್ಳೆಯ ನಡತೆಯೂ ಅಲ್ಲ. ಬೀದಿಯಲ್ಲಿ ನಿಂತು ‘ಬನ್ನಿ ಅಕ್ಕ, ಬನ್ನಿ ಅಣ್ಣ, ಏನ್ ಬೇಕು, ಒಳಗೆ ಬನ್ನಿ’ ಎಂದು ಕರೆದು, ಜೊತೆಗೇ ನಡೆದು ಬರುವವರ ಹಿಂದೆ ಹೋಗಬೇಡಿ. ಅವರಿಗೆ ಸಲ್ಲುವ ಕಮಿಷನ್ನು ನಿಮ್ಮ ಬಿಲ್ಲಿನಿಂದಲೇ ಬರುತ್ತದೆ. ಉತ್ತರ ಕೊಡದೆ ಮುಂದೆ ನಡೆದರೆ ಹತ್ತು ಹೆಜ್ಜೆಗೆ ಬಿಟ್ಟುಬಿಡುತ್ತಾರೆ.

ಕೊಂಡ ಸೀರೆಗಳನ್ನು ಹೊತ್ತು ಮುಂದಿನ ಅಂಗಡಿಗೆ ಹೋಗಬಾರದು. ಬಿಲ್ಲು ಮಾಡಿಸಿ, ಗಂಟು ಕಟ್ಟಿಸಿ, ಅದರ ಮೇಲೆ ನಿಮ್ಮ ಹೆಸರು ಬರೆಸಿ, ಸಂಜೆ ಇಷ್ಟು ಗಂಟೆಗೆ ಬಂದು ಒಯ್ಯುತ್ತೇವೆಂದು ಅಲ್ಲೇ ಬಿಡಿ. ಪೇಟೆಯಲ್ಲಿ ಇದು ಬಹುಕಾಲದ ಪದ್ಧತಿ. ಬಿಡುವ ಮೊದಲು ಗಂಟಿನಲ್ಲಿ ಎಷ್ಟು ಸೀರೆ ಇವೆಯೆಂದು ಬಿಲ್ಲಿನ ಹಿಂಬದಿಯಲ್ಲಿ ಬರೆದು, ಅಂಗಡಿಯವರ ಸಹಿ ಹಾಕಿಸಿಕೊಳ್ಳಿ. ಮುಹೂರ್ತದ ಸೀರೆಯೊಂದನ್ನು ಮಾತ್ರ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಪಾತ್ರೆ, ಹಿತ್ತಾಳೆಯ ದೀಪ, ಕಳಶ, ಪೂಜೆಯ ಸಾಮಾನುಗಳೆಲ್ಲ ಕೊನೆಗೆ, ನಾಲ್ಕೂವರೆಯ ನಂತರ. ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ತೂಕದ ಲೆಕ್ಕದಲ್ಲಿ ಮಾರುವುದರಿಂದ ತಕ್ಕಡಿಯ ಮುಂದೆಯೇ ನಿಲ್ಲಬೇಕು. ದೊಡ್ಡ ಹಂಡೆ, ಕೊಳಗಗಳ ಆಸೆ ಇದ್ದರೂ ಅವುಗಳನ್ನು ರೈಲಿನಲ್ಲಿ ಒಯ್ಯುವ ಮನಸ್ಸು ಮಾಡದೆ ಪಾರ್ಸೆಲ್ ಮಾಡಿಸುವುದು ಮೇಲು. ಹೂವಿನ ಹಾರಗಳನ್ನು ಬೆಂಗಳೂರಿನಿಂದಲೇ ತರಿಸಬೇಕೆಂದಿರುವವರು ಬೆಳಗಿನ ಜಾವವೇ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗಿ ಮುಂಗಡ ಕೊಟ್ಟು ಬರಬೇಕು, ಹೂವಿನ ಸಗಟು ವ್ಯಾಪಾರ ಬಿಸಿಲೇರುವ ಮೊದಲೇ ಇಳಿದುಹೋಗುತ್ತದೆ.

ನಿಲ್ದಾಣಕ್ಕೆ ಮರಳುವುದು

ಅಂಗಡಿಗಳು ಎಂಟು, ಎಂಟೂವರೆಯವರೆಗೆ ತೆರೆದಿರುತ್ತವೆಂಬ ಧೈರ್ಯದಲ್ಲಿ ಏಳಾದರೂ ಕೂರುವುದು ಹೊರಗಿನಿಂದ ಬಂದವರು ಮಾಡುವ ಸಾಮಾನ್ಯ ತಪ್ಪು. ಆರಕ್ಕೆ ಗಂಟುಗಳನ್ನು ಒಟ್ಟುಗೂಡಿಸಲು ಆರ‍ಂಭಿಸಿ. ಹೋಗುವಾಗ ಆಟೊ ಬೇಡವೆಂದಿದ್ದೆ, ಮರಳುವಾಗ ಅದೇ ಸರಿ. ಗಂಟುಗಳೊಡನೆ ಸಂಜೆಯ ಮೆಟ್ರೊ ಹತ್ತುವುದು ಕಷ್ಟ. ಆಟೊದವರಿಗೆ ಬರೀ ‘ಸ್ಟೇಷನ್’ ಎನ್ನದೆ ‘ಮುಂದಿನ ಗೇಟು, ತೋಟದಪ್ಪ ಛತ್ರದ ಎದುರು’ ಎಂದು ಹೇಳಿ. ಕ್ಲೋಕ್ ರೂಮಿನ ಸಾಮಾನು ಬಿಡಿಸಿಕೊಂಡು, ಬ್ಯಾಗಿನೊಳಗೆ ಮಡಚಿ ತಂದಿದ್ದ ದೊಡ್ಡ ಬ್ಯಾಗನ್ನು ಬಿಚ್ಚಿ, ಸೀರೆಗಳನ್ನು ತುಂಬಿ ಬೀಗ ಹಾಕಿ. ಕೂಲಿಯವರ ನೆರವು ಬೇಕಾದರೆ ಸಾಮಾನು ಎತ್ತುವ ಮೊದಲೇ ಹಣದ ಮಾತು ಮುಗಿಸಿ. ದರದ ಫಲಕ ನಿಲ್ದಾಣದಲ್ಲಿ ಹಾಕಿರುತ್ತಾರೆ.

ರೈಲಿನಲ್ಲಿ ಒಬ್ಬೊಬ್ಬರು ಉಚಿತವಾಗಿ ಒಯ್ಯಬಹುದಾದ ಭಾರಕ್ಕೆ ಮಿತಿಯಿದೆ: ಸ್ಲೀಪರ್ ಮತ್ತು ಮೂರು ಹಂತದ ಎಸಿಯಲ್ಲಿ 40 ಕಿಲೋ, ಎರಡು ಹಂತದ ಎಸಿಯಲ್ಲಿ 50, ಎರಡನೇ ದರ್ಜೆಯಲ್ಲಿ 35. ನಾಲ್ವರು ಸ್ಲೀಪರಿನಲ್ಲಿ ಹೊರಟರೆ ನೂರಾ ಅರವತ್ತು ಕಿಲೋ ಆಯಿತು. ಸೀರೆಗಳಿಂದ ಅದು ತುಂಬುವುದಿಲ್ಲ, ಪಾತ್ರೆಗಳಿಂದ ಬೇಗ ತುಂಬುತ್ತದೆ. ಮಿತಿ ಮೀರುವುದನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿಸಬೇಕು, ಅದಕ್ಕೆ ರೈಲು ಹೊರಡುವುದಕ್ಕೆ ಸಾಕಷ್ಟು ಮೊದಲೇ ಬರಬೇಕು.

ಪ್ಲಾಟ್‌ಫಾರ್ಮ್ ಸಂಖ್ಯೆಯನ್ನು ಫಲಕದಲ್ಲಿ ನೋಡಿದ ಮೇಲೂ ಘೋಷಣೆಗೆ ಕಿವಿಗೊಡಿ, ಕೊನೆಯ ಗಳಿಗೆಯಲ್ಲಿ ಬದಲಾದದ್ದುಂಟು. ನಮ್ಮ ಬೋಗಿ ನಿಲ್ಲುವ ಜಾಗದಲ್ಲೇ ಗಂಟುಗಳನ್ನು ಇಟ್ಟು, ಹತ್ತುವಾಗ ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ದಾಟಿಸಬೇಕು. ಸೀಟಿನ ಕೆಳಗೆ ಪಾತ್ರೆ, ಮೇಲಿನ ಬರ್ತಿನಲ್ಲಿ ತಲೆಯ ಬಳಿ ಸೀರೆ, ಒಡವೆ ಮೈಮೇಲೆ. ರೈಲು ಯಶವಂತಪುರ ದಾಟುವಷ್ಟರಲ್ಲಿ ಬಿಲ್ಲುಗಳನ್ನೆಲ್ಲ ಹೊರತೆಗೆದು ದೊಡ್ಡಪ್ಪನ ಪಟ್ಟಿಯೊಡನೆ ತಾಳೆ ನೋಡಿ. ಯಾರ ಹೆಸರಿನ ಮುಂದೆ ಸೀರೆ ಬಂದಿಲ್ಲವೋ ಅದನ್ನು ಆಗಲೇ ಗುರುತು ಹಾಕಿಕೊಂಡರೆ, ಮರುದಿನ ಅಂಗಡಿಗೆ ಫೋನ್ ಮಾಡಿ, ಅದೇ ಕಟ್ಟಿನಲ್ಲಿ ಉಳಿದ ಬಣ್ಣವೊಂದನ್ನು ಲಗ್ನಪತ್ರಿಕೆಯ ಪಾರ್ಸೆಲ್ಲಿನ ಜೊತೆಗೇ ತರಿಸಿಕೊಳ್ಳಬಹುದು.